ಬೆಂಚು ಕೊಟ್ಟವರನ್ನು ಧೂಳಿನ ಲೆಕ್ಕ ಕೇಳಬಾರದೇ?

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಕಡೆಯ ಓದುಗರೊಬ್ಬರ ಪತ್ರ: ‘ಪಕ್ಕದ ಸ್ಪಾಂಜ್ ಐರನ್ ಕಾರ್ಖಾನೆಯವರು ನಮ್ಮೂರಿಗೆ ಶುದ್ಧ ನೀರಿನ ಘಟಕ ಹಾಕಿಸಿದ್ದಾರೆ, ಶಾಲೆಗೆ ಬೆಂಚು ಕೊಟ್ಟಿದ್ದಾರೆ, ಹುಡುಗರಿಗೆ ಕೆಲಸ ಕೊಟ್ಟಿದ್ದಾರೆ. ನೀವು ಮಾತ್ರ ಹೊಗೆ, ಧೂಳು ಅಂತ ಬರೀತಾನೇ ಇದ್ದೀರಿ. ನಾಳೆ ಕಂಪನಿ ಮುಚ್ಚಿದರೆ ಅನ್ನ ಹಾಕೋರು ಯಾರು?’

ಸಂಪಾದಕರ ಉತ್ತರ:

ಕಂಪನಿ ಮುಚ್ಚಲಿ ಅಂತ ನಾವು ಎಲ್ಲೂ ಬರೆದಿಲ್ಲ. ಬೆಂಚು ಕೊಟ್ಟದ್ದು ಒಳ್ಳೆಯದೇ. ಅದನ್ನು ಧೂಳಿನ ಲೆಕ್ಕದಲ್ಲಿ ವಜಾ ಹಾಕಿಕೊಳ್ಳಲು ಮಾತ್ರ ಬರುವುದಿಲ್ಲ.

ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಮುಟ್ಟಿದ ಕಂಪನಿ, ಮೂರು ವರ್ಷದ ಸರಾಸರಿ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆಯಲ್ಲೇ ಇದೆ. ಊರವರು ಕೈಮುಗಿದು ನಿಲ್ಲಬೇಕಾದ ದಾನ ಅಲ್ಲ ಅದು. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಈ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಖಾತೆಗೆ ಸೇರಿಸುವಂತೆಯೂ ಇಲ್ಲ. ಚಿಮಣಿಯ ಧೂಳು ಹಿಡಿಯುವ ಯಂತ್ರವನ್ನು ರಾತ್ರಿಯೂ ಓಡಿಸುವುದು, ಕುಲುಮೆ ಹತ್ತಿರ ನಿಲ್ಲುವವರಿಗೆ ರಕ್ಷಣೆ ಕೊಡುವುದು ಎಲ್ಲ ಆ ಶೇ 2ರ ಹೊರಗಿನ ಮಾತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರ ಜೂನ್‌ನಲ್ಲಿ ಒಪ್ಪಿದ, ಉದ್ಯಮಗಳು ಮಾನವ ಹಕ್ಕು ಗೌರವಿಸುವ ಕುರಿತ ಮಾರ್ಗದರ್ಶಿ ಸೂತ್ರಗಳ ವಿವರಣೆಯೂ ಹೀಗೇ ಹೇಳುತ್ತದೆ: ಒಂದು ಕಡೆ ಒಳ್ಳೆಯದು ಮಾಡಿದ್ದು ಇನ್ನೊಂದು ಕಡೆ ಹಕ್ಕು ತುಳಿದದ್ದನ್ನು ತೀರಿಸುವುದಿಲ್ಲ. (ಆ ಸೂತ್ರಗಳಿಗೆ ಕಾನೂನಿನ ಬಲವಿಲ್ಲ, ಅವನ್ನು ಮುರಿದರೆ ಯಾರ ಮನೆಗೂ ಪೊಲೀಸರು ಬರುವುದಿಲ್ಲ.)

ಅನ್ನದ ಪ್ರಶ್ನೆ ಸುಳ್ಳಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಪೆಟ್ಟು ಬಿದ್ದದ್ದು ಡ್ರೈವರ್, ಕ್ಲೀನರ್, ಲಾರಿ ಕಂತು ಕಟ್ಟುತ್ತಿದ್ದವರ ಮೇಲೆ. ಆದರೆ ಅಲ್ಲಿಗೆ ತಂದು ನಿಲ್ಲಿಸಿದ್ದು ಯಾರು? ಕೋರ್ಟಿಗೆ ಹೋದವರೋ, ವರ್ಷಗಟ್ಟಲೆ ಅಕ್ರಮಕ್ಕೆ ಕಣ್ಣು ಮುಚ್ಚಿಕೊಂಡಿದ್ದ ಇಲಾಖೆಗಳೋ? 2013ರಲ್ಲಿ ಕೋರ್ಟ್, ಗಣಿಗಳನ್ನು ಎ, ಬಿ, ಸಿ ಎಂದು ತನ್ನ ಸಮಿತಿ ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಅತಿ ಹೆಚ್ಚು ಅಕ್ರಮ ಮಾಡಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವಕ್ಕೆ ಷರತ್ತು ಹಾಕಿ ದಾರಿ ಬಿಟ್ಟಿತು. ಉದ್ಯಮ ಸತ್ತಿತೇ ಎಂದು ನೋಡಬೇಕಿದ್ದರೆ ಆ ಗಣಿ ಸೀಮೆಯ ಸಂಡೂರಿನ ರಸ್ತೆಯಲ್ಲಿ ಒಂದು ಗಂಟೆ ನಿಂತು ಅದಿರು ಲಾರಿ ನೋಡಿ ಬನ್ನಿ.

ನಿಮ್ಮ ಹುಡುಗರು ಕಂಪನಿಯ ಪಟ್ಟಿಯಲ್ಲಿದ್ದಾರೋ, ಗುತ್ತಿಗೆದಾರನ ಕೈಕೆಳಗಿದ್ದಾರೋ? ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರೋ? ಮೊದಲು ಇದನ್ನು ವಿಚಾರಿಸಿ. ಪರಿಸರ ಅನುಮತಿ ಪಡೆದ ಕಾರ್ಖಾನೆ ಷರತ್ತು ಪಾಲಿಸಿದ್ದಕ್ಕೆ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಅಂತರ್ಜಾಲದಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಸಿಕ್ಕರೆ ನಮಗೂ ಒಂದು ಪ್ರತಿ ಕಳಿಸಿ. ಷರತ್ತೆಲ್ಲ ಪಾಲನೆಯಾಗಿದೆ ಎಂದು ಅದರಲ್ಲಿದ್ದು, ನಿಮ್ಮ ಮಾಳಿಗೆ ಮೇಲಿನ ಧೂಳೂ ಅದನ್ನು ಒಪ್ಪಿದರೆ, ಅದನ್ನೂ ಅಚ್ಚು ಹಾಕುತ್ತೇವೆ.