ಜರಿಗಿಡದ ಅಚ್ಚು, ಗುಂಡು ಕಾಫಿ ಬೀಜ

ನಮಸ್ಕಾರ. ಮಡಿಕೇರಿ ಹತ್ತಿರ ತೋಟದ ಮನೆ, 4 ವರ್ಷದ ಮಗಳು, ಮಳೆಗಾಲದಲ್ಲಿ ಮೊಬೈಲ್ ಬಿಡಿಸಿ ಏನು ಮಾಡಿಸಲಿ ಅಂತ ಕೇಳಿದ್ದೀರಿ. ದುಡ್ಡು ಕೊಟ್ಟು ಏನೂ ತರಬೇಡಿ. ಮಳೆ ಸ್ವಲ್ಪ ಬಿಟ್ಟಾಗ ರಸ್ತೆ ಬದಿಯ ದರೆ (ಕಡಿದಾದ ಮಣ್ಣಿನ ಗೋಡೆ) ನೋಡಿ. ಅಲ್ಲಿ ಕೆಲವು ಜರಿಗಿಡಗಳ ಎಲೆ ತಿರುಗಿಸಿದರೆ ಅಡಿಯಲ್ಲಿ ಬಿಳಿ ಪುಡಿ ಇರುತ್ತದೆ. ಮಗಳ ಕೈ ಒರೆಸಿ, ಮುಂಗೈ ಮೇಲೆ ಎಲೆ ಇಟ್ಟು ಒತ್ತಿ, ಮೆಲ್ಲಗೆ ಎತ್ತಿ. ಎಲೆಯ ಒಂದೊಂದು ಹಲ್ಲೂ ಬೆಳ್ಳಗೆ ಮೂಡುತ್ತದೆ. ನನ್ನ ಮಗ ಆ ದಿನ ಊಟಕ್ಕೂ ಕೈ ತೊಳೆಯಲು ಬಿಡಲಿಲ್ಲ!

ಮನೆಯೊಳಗಾದರೆ ಸಿಲ್ವರ್ ಓಕ್ ಎಲೆಯ ಮೇಲೆ ಕಾಗದ ಇಟ್ಟು ಕ್ರೇಯಾನ್ ಉಜ್ಜಿಸಿ.

ಡಿಸೆಂಬರ್ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾದಾಗ ಒಂದು ಹಿಡಿ ತೊಳೆದು ಕೊಡಿ, ಹಿಸುಕಲಿ. ಸಾಮಾನ್ಯವಾಗಿ ಚಪ್ಪಟೆ ಮೈ ಒಂದಕ್ಕೊಂದು ತಾಗಿಸಿಕೊಂಡ ಎರಡು ಬೀಜ. ಅಪರೂಪಕ್ಕೆ ಒಂದೇ ಗುಂಡು ಬೀಜ, ಅದೇ ಪೀಬೆರಿ. ಅದು ಸಿಕ್ಕರೆ ನಮ್ಮ ಮನೆಯಲ್ಲಿ ಹಬ್ಬ.

ಗುಲಗಂಜಿ ಮಾತ್ರ ಖಂಡಿತ ಬೇಡ. ನೋಡಲು ಚಂದ, ಒಳಗೆ ವಿಷ. ಈ ವಯಸ್ಸಿನವರು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾರೆ ಅಲ್ವಾ? ಹೊರಗೆ ಹೋಗುವಾಗ ಜಿಗಣೆಗೆ ಸ್ವಲ್ಪ ಉಪ್ಪು ಜೇಬಿನಲ್ಲಿರಲಿ.