ಪಲ್ಪರ್ ನಿಂತರೂ ನಿಲ್ಲದ ಜೀರುಂಡೆ

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್, ವಯಸ್ಸು 54. ಎರಡು ವರ್ಷದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ‘ಜೀಂಯ್’ ಅನ್ನುತ್ತಿದೆ. ಕುಕ್ಕರ್ ಕೂಗಿದರೆ, ಸ್ಟೀಲ್ ತಟ್ಟೆ ಬಿದ್ದರೆ ಆ ಸದ್ದು ಏರಿ ಸಂಜೆಯವರೆಗೂ ಇಳಿಯುವುದಿಲ್ಲ. ಹೆಂಡತಿಯ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಈಗ ಎದ್ದಾಗಿನಿಂದ ಮಲಗುವವರೆಗೆ ಕಿವಿಗೆ ಹತ್ತಿ. ಬರುವ ತಿಂಗಳು ತಂಗಿಯ ಮಗಳ ಮದುವೆ. ವಾಲಗ ನೆನೆಸಿಕೊಂಡರೆ ಹೋಗುವುದೇ ಬೇಡ ಅನ್ನಿಸುತ್ತದೆ. ಬೆಳ್ಳುಳ್ಳಿ ಎಣ್ಣೆ ಬಿಟ್ಟು ನೋಡಿದ್ದಾಯಿತು. ಇದಕ್ಕೆ ಮಾತ್ರೆ ಇಲ್ಲವೇ?
– ಹೆಸರು ಬೇಡ

ಉತ್ತರ: ಇಲ್ಲ ರೈಟರೇ. ಇದೆ ಎಂದು ಮಾರುವವರಿದ್ದಾರೆ, ದುಡ್ಡು ಉಳಿಸಿಕೊಳ್ಳಿ. ಬೆಳ್ಳುಳ್ಳಿ ಒಗ್ಗರಣೆಗಿರಲಿ. ಎಣ್ಣೆ ಕಿವಿತಮಟೆಯ ಈಚೆಗೇ ನಿಲ್ಲುತ್ತದೆ. ನಿಮ್ಮ ತೊಂದರೆ ಬಹುಶಃ ಅದರಾಚೆ ಇದೆ.

ನೀವು ಬರೆಯದೇ ಬಿಟ್ಟದ್ದನ್ನು ಊಹಿಸುತ್ತೇನೆ. ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮಿಷನ್ ಪಕ್ಕ, ಮಳೆಗಾಲದಲ್ಲಿ ಕಳೆ ಹೊಡೆಯುವ ಮಿಷನ್ ಪಕ್ಕ, ಅಲ್ಲವೇ? ಹಾಸನದ ನನ್ನ ಕ್ಲಿನಿಕ್ಕಿಗೆ ಕೊಯ್ಲು ಮುಗಿದ ಮೇಲೆ ಬರುವ ತೋಟದವರೂ ಇದೇ ಜೀರುಂಡೆಯ ಕಥೆ ಹೇಳುತ್ತಾರೆ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅಲ್ಲಿಂದ ಬರುವ ಸದ್ದು ಕಡಿಮೆಯಾದಾಗ, ಸ್ಟೇಷನ್ ಸರಿಯಾಗಿ ಸಿಗದ ರೇಡಿಯೊದ ವಾಲ್ಯೂಮ್ ತಿರುವುವ ಹಾಗೆ, ಮಿದುಳು ತಾನೇ ಏರಿಸಿಕೊಳ್ಳುತ್ತದೆ. ಆಗ ಇಲ್ಲದ ಸದ್ದೂ ಕೇಳುತ್ತದೆ, ಇರುವ ಸದ್ದು ಚುಚ್ಚುತ್ತದೆ. ಹತ್ತಿ ಇಟ್ಟರೆ ಒಳಬರುವುದು ಇನ್ನೂ ಕಡಿಮೆ, ವಾಲ್ಯೂಮ್ ಇನ್ನೂ ಮೇಲೆ. ನಿಮ್ಮ ಹತ್ತಿಯೇ ಜೀರುಂಡೆಗೆ ಮೇವು.

ಹಾಗಂತ ಒಂದೇ ದಿನ ಎಸೆಯಬೇಡಿ. ಮೊದಲ ವಾರ ಬೆಳಗಿನ ಕಾಫಿ ಹೊತ್ತಿಗೆ ಅರ್ಧ ಗಂಟೆ ತೆಗೆದಿಡಿ, ಆಮೇಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಕುಕ್ಕರ್ ಕೂಗುವ ಹೊತ್ತಿಗೆ ಹಿತ್ತಿಲಿಗೆ ನಡೆಯಿರಿ. ತಟ್ಟೆ ಸ್ಟ್ಯಾಂಡಿಗೆ ಹಳೆ ಪಂಚೆ ಹಾಸಿ, ನೀವೇ ಹಾಸಿ! ಮಿಷನ್ ಹತ್ತಿರ ಮಾತ್ರ ರಕ್ಷಣೆ ಬೇಕೇ ಬೇಕು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುತ್ತಾರೆ. 88 ಆದರೆ 4 ಗಂಟೆ, 91 ಆದರೆ 2 ಗಂಟೆ ಅಷ್ಟೆ. ಕಳೆ ಮಿಷನ್ ಸಾಮಾನ್ಯವಾಗಿ 90 ದಾಟುತ್ತದೆ. ಅಲ್ಲಿ ಹತ್ತಿ ಸಾಲದು, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ.

ರಾತ್ರಿ ನಿಶ್ಶಬ್ದದಲ್ಲಿ ಮಲಗಬೇಡಿ. ಹೆಂಚಿನ ಮೇಲೆ ಮಳೆ ಬೀಳುವಾಗ ಹಿತವಾಗುತ್ತದೆಯೇ, ಗಮನಿಸಿ. ಮಳೆಯಿಲ್ಲದಾಗ ಫ್ಯಾನ್ ಅಥವಾ ರೇಡಿಯೊ ಸಾಕು, ಸದ್ದು ಜೀರುಂಡೆಗಿಂತ ತುಸು ಕೆಳಗಿರಲಿ. ಅದನ್ನು ಮುಳುಗಿಸಲು ಹೋದರೆ ಕೆರಳುತ್ತದೆ.

ಒಮ್ಮೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ, ಮಾಡಿಸಿ. ಕೇಳುವುದು ಕುಗ್ಗಿದ್ದರೆ ಶ್ರವಣ ಸಾಧನದಿಂದ ಎಷ್ಟೋ ಜನರಿಗೆ ಜೀರುಂಡೆಯೂ ಹಿಂದೆ ಸರಿದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ತೋರಿಸಬಹುದು. ರೇಗುವುದಕ್ಕೆ ಮನೋವೈದ್ಯರ ಆಪ್ತಸಮಾಲೋಚನೆ ಇದೆ. ಅದರಿಂದ ಸದ್ದು ಹೋಗದು, ಕಾಟ ಇಳಿಯುತ್ತದೆ. ಸದ್ದು ಒಂದೇ ಕಿವಿಗೆ ಬಂದರೆ, ನಾಡಿಯ ತಾಳಕ್ಕೆ ಬಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಒಮ್ಮೆಲೇ ಕಿವಿ ಕೇಳದಾದರಂತೂ ಅವತ್ತೇ ಹೋಗಿ, ನನಗೆ ಪತ್ರ ಬರೆಯುತ್ತಾ ಕೂರಬೇಡಿ.

ಮದುವೆಗೆ ಹೋಗಿ. ಇಯರ್‌ಪ್ಲಗ್ ಜೇಬಿನಲ್ಲಿರಲಿ, ಗಟ್ಟಿಮೇಳಕ್ಕೆ ಹಾಕಿಕೊಂಡು ಮುಗಿದ ಕೂಡಲೇ ತೆಗೆಯಿರಿ. ಸೋದರಮಾವ ಅಂತ ಮೈಕಿನ ಬಾಕ್ಸ್ ಪಕ್ಕದ ಕುರ್ಚಿಗೆ ಎಳೆದರೆ ಮಂಡಿ ನೋವು ಅನ್ನಿ. ಕಿವಿ ಅಂದಿರೋ, ಎಣ್ಣೆ ಮದ್ದು ಹೇಳುವವರು ಹತ್ತು ಜನ ಸುತ್ತುವರಿಯುತ್ತಾರೆ.