ರಾತ್ರಿ ಎರಡಕ್ಕೆ ಎದೆ ಡವಡವ: ಶುಗರ್ ಇಳಿದಿದೆಯೋ, ಗಾಬರಿಯೋ?

ಪ್ರಶ್ನೆ: ನನಗೆ 54 ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆ ಬೆಳಿಗ್ಗೆ, ರಾತ್ರಿ ನುಂಗುತ್ತೇನೆ. ಎರಡು ತಿಂಗಳಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ. ಶುಗರ್ ಇಳಿದಿರಬೇಕೆಂದು ಹಾಲು, ಬಿಸ್ಕತ್ತು ತಿಂದು ಮಲಗುತ್ತೇನೆ. ಬೆಳಿಗ್ಗೆ ನೋಡಿದರೆ 190. ಹೆದರಿ ಹಗಲೆಲ್ಲ ಎಂಟು ಹತ್ತು ಸಲ ಚೆಕ್ ಮಾಡಿಕೊಳ್ಳುತ್ತೇನೆ. ಇದು ಲೋ ಶುಗರೋ, ಹೃದಯದ ತೊಂದರೆಯೋ, ಬರೀ ಭಯವೋ?
— ದಾವಣಗೆರೆಯ ಓದುಗರು

ಉತ್ತರ: ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಜಾರಿದಾಗ ದೇಹ ಅಡ್ರಿನಲಿನ್ ಸುರಿಸುತ್ತದೆ. ಗಾಬರಿಯಾದಾಗಲೂ ಸುರಿಯುವುದು ಅದೇ ಅಡ್ರಿನಲಿನ್. ನಡುಕ, ಬೆವರು, ಡವಡವ ಎಲ್ಲ ಅದರ ಕೆಲಸವಾದ್ದರಿಂದ ಎರಡರ ಲಕ್ಷಣವೂ ಹೆಚ್ಚುಕಡಿಮೆ ಒಂದೇ. ಎಷ್ಟೇ ಅನುಭವವಿದ್ದರೂ ಮೈಯ ಲಕ್ಷಣ ನೋಡಿ ಇದು ಇಂಥದ್ದೇ ಎಂದು ಹೇಳಲಾಗದು. ಹೇಳಬಲ್ಲದ್ದು ಮೀಟರ್ ಒಂದೇ. ನೀವು ಹಗಲು ಹತ್ತು ಸಲ ನೋಡುತ್ತೀರಿ, ಆದರೆ ನೋಡಲೇಬೇಕಾದ ರಾತ್ರಿ ಎರಡು ಗಂಟೆಗೆ ನೋಡದೆ ಬಿಸ್ಕತ್ತು ತಿನ್ನುತ್ತಿದ್ದೀರಿ. ಸರಿಪಡಿಸಬೇಕಾದದ್ದು ಅದನ್ನು.

ಒಂದು ಡಬ್ಬಿಯಲ್ಲಿ ಮೀಟರ್, ಸ್ಟ್ರಿಪ್, ಸೂಜಿ, ಗ್ಲೂಕೋಸ್ ಪುಡಿ, ಚಮಚ ಹಾಕಿ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ. ಎಚ್ಚರವಾದ ಕೂಡಲೇ ಕೈ ತೊಳೆದು, ಆಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಬೆರಳ ತುದಿಯ ಬದಿಗೆ ಚುಚ್ಚಿ. ಬೆರಳಿಗೆ ಹಣ್ಣಿನ ರಸವೋ ಬಿಸ್ಕತ್ತಿನ ಪುಡಿಯೋ ಅಂಟಿದ್ದರೆ ಮೀಟರ್ ಸುಳ್ಳುಸುಳ್ಳೇ ಹೆಚ್ಚು ತೋರಿಸುತ್ತದೆ.

70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲವಾದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ. ದಾಟಿದ ಮೇಲೆ ಒಂದೆರಡು ಬಿಸ್ಕತ್ತು ತಿಂದು ಮಲಗಿ. ಹಾಲು, ಚಾಕೊಲೇಟಿನಿಂದ ಶುರುಮಾಡಬೇಡಿ, ಅವುಗಳ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ನಿಮ್ಮ ಮಾತ್ರೆಯ ಪಟ್ಟಿಯನ್ನೂ ಒಮ್ಮೆ ಓದಿ. ಅದರಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಜೀರ್ಣವಾಗುವುದಿಲ್ಲ, ಗ್ಲೂಕೋಸೇ ಬೇಕು. ಮೀಟರ್ ಕೈಗೆ ಸಿಗದಿದ್ದರೆ ಮಾತ್ರ ನೋಡದೆಯೇ ಗ್ಲೂಕೋಸ್ ಕುಡಿಯಿರಿ, ಆ ಹೊತ್ತಿನಲ್ಲಿ ಅದೇ ಸುರಕ್ಷಿತ. 54ಕ್ಕಿಂತ ಕೆಳಗಿಳಿದರೆ ಮಾತು ತೊದಲಬಹುದು, ಮಂಕು ಕವಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕೆಂದು ಮನೆಯವರಿಗೆ ಇವತ್ತೇ ಹೇಳಿಡಿ.

70ರಿಂದ 90ರೊಳಗೆ ಬಂದರೆ ಸ್ವಲ್ಪ ಏನಾದರೂ ತಿಂದು ಅರ್ಧ ಗಂಟೆಗೆ ಮತ್ತೊಮ್ಮೆ ನೋಡಿ.

140 ಬಂತು ಎನ್ನಿ. ಆಗ ಅದು ಲೋ ಶುಗರ್ ಅಲ್ಲ, ತಿನ್ನುವ ಅಗತ್ಯವಿಲ್ಲ. ತಿಂದರೆ ಏನಾಗುತ್ತದೆ ನೋಡಿ: ಹಾಲು ಬಿಸ್ಕತ್ತಿನಿಂದ ಬೆಳಿಗ್ಗೆ 190, ಅದನ್ನು ನೋಡಿದ ವೈದ್ಯರು ಮಾತ್ರೆ ಹೆಚ್ಚಿಸುತ್ತಾರೆ, ಹೆಚ್ಚಿದ ಗ್ಲಿಮೆಪಿರೈಡ್ ಒಂದು ರಾತ್ರಿ ನಿಜವಾಗಿಯೂ 60ಕ್ಕೆ ಇಳಿಸುತ್ತದೆ. ಇಲ್ಲದ ಲೋ ಶುಗರ್ ಹೀಗೆ ಬಂದೇಬಿಡುತ್ತದೆ. ಬಹಳ ದಿನ 250, 300ರಲ್ಲೇ ಇದ್ದು ಈಗಷ್ಟೇ ಹತೋಟಿಗೆ ಬಂದವರಿಗೆ 110ರಲ್ಲೂ ನಡುಕ ಬರುವುದುಂಟು. ಮೈಗೆ ಹೊಸ ಮಟ್ಟ ಒಗ್ಗಲು ಕೆಲವು ವಾರ ಬೇಕು, ಆಮೇಲೆ ತಾನಾಗಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಎದ್ದು ಕೂತು, ಪಾದ ನೆಲಕ್ಕೆ ಊರಿ, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು ಆರು ಎಣಿಸುತ್ತ ಬಿಡಿ. ಐದು ನಿಮಿಷ ಮಾಡಬೇಕು. ಎರಡನೆಯ ನಿಮಿಷಕ್ಕೇ ‘ಏನೂ ಆಗುತ್ತಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಬಿಡುವ ಉಸಿರು ಉದ್ದವಾಗಿದ್ದರೆ ಮಾತ್ರ ಎದೆಬಡಿತ ನಿಧಾನವಾಗುತ್ತದೆ, ಜೋರಾಗಿ ಎಳೆದರೆ ತಲೆ ಸುತ್ತುತ್ತದೆ.

ಹೃದಯದ ಪ್ರಶ್ನೆಯನ್ನು ಮಾತ್ರ ಉಸಿರಾಟದಿಂದ ಬಗೆಹರಿಸಲು ಹೋಗಬೇಡಿ. ಎದೆ ಒತ್ತಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಉಸಿರು ಸಿಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಹಾಗಾಗಿ ಈ ವಾರವೇ ಒಂದು ಇಸಿಜಿ ಮಾಡಿಸಿಕೊಳ್ಳಿ, ಜೊತೆಗೆ ಥೈರಾಯ್ಡ್ ಮತ್ತು ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ. ಥೈರಾಯ್ಡ್ ಹೆಚ್ಚಾದರೂ ಇದೇ ಡವಡವ. ಕಿಡ್ನಿ ನಿಧಾನವಾದರೆ ಗ್ಲಿಮೆಪಿರೈಡ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ರಾತ್ರಿ ಸಕ್ಕರೆ ಇಳಿಸುತ್ತದೆ. ಹತ್ತು ರಾತ್ರಿ ಒಂದು ಪುಸ್ತಕದಲ್ಲಿ ಬರೆಯಿರಿ: ಊಟದ ಹೊತ್ತು, ಏನು ಊಟ, ಎಚ್ಚರವಾದ ಹೊತ್ತು, ಮೀಟರಿನ ಅಂಕಿ. ಸಂಕಷ್ಟಿ, ಏಕಾದಶಿ ಎಂದು ಊಟ ಬಿಟ್ಟು ಮಾತ್ರೆ ನುಂಗಿದ್ದರೆ ಅದನ್ನೂ. ಡೋಸ್ ಬದಲಿಸಬೇಕೋ ಬೇಡವೋ ಎನ್ನುವುದನ್ನು ವೈದ್ಯರು ಆ ಒಂದು ಪುಟ ನೋಡಿ ತೀರ್ಮಾನಿಸಬಲ್ಲರು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಇನ್ನು ಹಗಲಿನ ಹತ್ತು ಚುಚ್ಚು. ಒಳ್ಳೆಯ ಮೀಟರಿಗೂ ಶೇ 15ರಷ್ಟು ಆಚೀಚೆ ತೋರಿಸಲು ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಅಸಲಿಗೆ 140 ಇದ್ದರೆ 120ರಿಂದ 160ರ ನಡುವೆ ಏನು ಬಂದರೂ ಮೀಟರ್ ಕೆಟ್ಟಿಲ್ಲ. ಐದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ‘ಇಪ್ಪತ್ತು ಏರಿತು’ ಎಂದು ಹೆದರಿದರೆ ಅದು ಸಕ್ಕರೆ ಏರಿದ್ದೇ ಆಗಿರಬೇಕಿಲ್ಲ. ಮಾತ್ರೆಯಲ್ಲಿರುವ ನಿಮಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಯಾವುದಾದರೂ ಒಂದು ಊಟವಾಗಿ ಎರಡು ಗಂಟೆಗೆ ಒಮ್ಮೆ, ಮತ್ತೆ ಲಕ್ಷಣ ಬಂದಾಗ, ಇಷ್ಟು ಸಾಕು. ಹೆಚ್ಚಿನವರಿಗೆ ಗುರಿ ಖಾಲಿ ಹೊಟ್ಟೆಗೆ 80ರಿಂದ 130, ಊಟದ ನಂತರ 180ರೊಳಗೆ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ 7 ಬಂತೆಂದರೆ ಎರಡು ಮೂರು ತಿಂಗಳ ಸರಾಸರಿ ಸುಮಾರು 154 ಎಂದರ್ಥ. ಒಂದು ಮಧ್ಯಾಹ್ನದ 210 ಅದರಲ್ಲಿ ಎಷ್ಟರ ಪಾಲು?

ಈ ಚಿಂತೆಯನ್ನು ನಿಮ್ಮ ಮನಸ್ಸಿನ ದೌರ್ಬಲ್ಯವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ದಿನಾ ಅಂಕಿ ನೋಡಿ, ತೂಗಿ ಉಣ್ಣಬೇಕಾದ ಕಾಯಿಲೆಯಲ್ಲಿ ದಣಿವು ಬಂದೇ ಬರುತ್ತದೆ. ಈ ದಣಿವನ್ನು ಅಳೆಯಲೆಂದೇ ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲಿ 20 ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಪ್ರತಿ ಪ್ರಶ್ನೆಗೆ 0ಯಿಂದ 4 ಅಂಕ, ಒಟ್ಟನ್ನು 1.25ರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ಸಿಗುತ್ತದೆ. 40 ದಾಟಿದರೆ ನೆರವು ಬೇಕೆಂದು ತಿಳಿಯುತ್ತಾರೆ. ನಿಮ್ಮ ವೈದ್ಯರನ್ನು ಕೇಳಿ. ನಿದ್ದೆ ಕೆಟ್ಟು ಕೆಲಸವೂ ನಿಂತಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಔಷಧಿ ಅಂಗಡಿಯಿಂದ ಗಾಬರಿ ತಗ್ಗಿಸಿ ಮಂಪರು ತರುವ ಅಲ್ಪ್ರಜೊಲಾಂ ಮಾತ್ರೆ ತಂದು ನುಂಗುವುದು ಖಂಡಿತ ಬೇಡ. ಅಭ್ಯಾಸವಾಗಿಬಿಡುತ್ತದೆ, ಮಂಪರಿನಲ್ಲಿ ನಿಜವಾದ ಲೋ ಶುಗರ್ ಬಂದರೆ ಎಚ್ಚರವೂ ಆಗದು.

ಪ್ರಶ್ನೆ: ತಂದೆಗೆ 66. ಇನ್ಸುಲಿನ್ ಶುರುಮಾಡಬೇಕೆಂದು ವೈದ್ಯರು ಹೇಳಿದಾಗಿನಿಂದ ‘ಕೊನೆಗಾಲ ಬಂತು, ಇನ್ನು ಕಿಡ್ನಿ ಹೋದ ಹಾಗೆಯೇ’ ಎಂದು ಕೊರಗುತ್ತಿದ್ದಾರೆ.
— ತುಮಕೂರಿನ ಓದುಗರು

ಉತ್ತರ: ಊರಲ್ಲಿ ಯಾರಿಗೋ ಇನ್ಸುಲಿನ್ ಕೊಟ್ಟ ಮೇಲೆ ಡಯಾಲಿಸಿಸ್ ಆಗಿದ್ದನ್ನು ಅವರು ನೋಡಿರಬಹುದು. ಕಿಡ್ನಿ ಕೆಡಿಸಿದ್ದು ವರ್ಷಗಟ್ಟಲೆ ಏರಿದ್ದ ಸಕ್ಕರೆ. ಇನ್ಸುಲಿನ್ ಬಂದದ್ದು ಅದಾದ ಮೇಲೆ, ತಡವಾಗಿ. ಇದನ್ನು ವಾದ ಮಾಡಿ ಒಪ್ಪಿಸುವುದಕ್ಕಿಂತ 4 ಮಿ.ಮೀ. ಪೆನ್ ಸೂಜಿಯನ್ನು ಅವರ ಕೈಗೇ ಕೊಟ್ಟು ತೋರಿಸಿ. ಬೆರಳು ಚುಚ್ಚುವುದಕ್ಕಿಂತ ಹೊಟ್ಟೆಯ ಚರ್ಮಕ್ಕೆ ಚುಚ್ಚುವುದು ಕಡಿಮೆ ನೋವು. ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು, ದಿನಾ ಜಾಗ ಬದಲಿಸಿ ಚುಚ್ಚಬೇಕು. ಒಂದೇ ಜಾಗವಾದರೆ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರುವುದಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ಸಿರಿಂಜಿನಲ್ಲಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಮೈಗೆ ಹೋಗುತ್ತದೆ. ಪ್ರತಿ ಸಲ ಅಂಗಡಿಯಲ್ಲೇ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಸಂಖ್ಯೆ ಎರಡನ್ನೂ ಓದಿ ನೋಡಿ. ಮೊದಲ ವಾರ ಮನೆಯವರೊಬ್ಬರು ಜೊತೆಗಿದ್ದರೆ ಅವರ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಪ್ರಶ್ನೆ: ಯಾವ ಮದುವೆಗೆ ಹೋದರೂ ಮನೆಯವರು ನನ್ನ ಎಲೆಯನ್ನೇ ನೋಡುತ್ತಾರೆ. ‘ಅದು ಬೇಡ, ಇದು ಬೇಡ’ ಕೇಳಿ ಕೇಳಿ ಹೋಗುವುದನ್ನೇ ಬಿಟ್ಟಿದ್ದೇನೆ.
— ಶಿರಸಿಯ ಓದುಗರು

ಉತ್ತರ: ಹೋಗುವುದನ್ನು ಬಿಡಬೇಡಿ. ಹೊರಡುವ ಮುಂಚೆಯೇ ಮನೆಯಲ್ಲಿ ಹೇಳಿಬಿಡಿ: ‘ಅರ್ಧ ಹೋಳಿಗೆ ಹಾಕಿಸಿಕೊಳ್ಳುತ್ತೇನೆ, ಅಷ್ಟಕ್ಕೆ ಅನ್ನ ಕಡಿಮೆ ಮಾಡುತ್ತೇನೆ.’ ಎಲೆಗೆ ಕೂತಾಗ ಮೊದಲು ಕೋಸಂಬರಿ, ಪಲ್ಯ, ಆಮೇಲೆ ಅನ್ನ ಸಾರು, ಹೋಳಿಗೆ ಕೊನೆಗೆ. ಊಟವಾಗಿ ಹದಿನೈದು ನಿಮಿಷ ನಡೆದರೆ ಏರಿಕೆ ತಗ್ಗುತ್ತದೆ.

ಮನೆಯವರ ಕಾಳಜಿಗೂ ಒಂದು ಕೆಲಸ ಬೇಕು, ಅದನ್ನು ಎಲೆಯಿಂದ ಪಾದಕ್ಕೆ ತಿರುಗಿಸಿ. ದಿನಾ ಮಲಗುವ ಮುನ್ನ ನಿಮ್ಮ ಅಂಗಾಲು, ಹಿಮ್ಮಡಿ, ಬೆರಳ ಸಂದಿಗಳನ್ನು ದೀಪದ ಬೆಳಕಿನಲ್ಲಿ ಅವರು ನೋಡಲಿ: ಬಿರುಕು, ಗುಳ್ಳೆ, ಬಣ್ಣ ಬದಲಾದ ಜಾಗ. ಬೆನ್ನು ಬಗ್ಗಿಸಿ ಅಂಗಾಲು ನೋಡಿಕೊಳ್ಳುವುದು ನಿಮಗೆ ಕಷ್ಟ, ಅವರಿಗೆ ಎರಡು ನಿಮಿಷದ ಕೆಲಸ.